ಅಕ್ಕತಂಗಿಯರ ಪಾಲು, ಷಡ್ಡಕರ ಕಾಳಗ



ಊರಿನಿಂದ ಫೋನು ಬಂದು ‘ಪಾಲುಪತ್ರಕ್ಕೆ ಸಹಿ ಹಾಕಬೇಕು, ಒಂದು ಸಲ ಬಂದು ಹೋಗು’ ಎಂದಾಗ ರಜೆ ಕೇಳಿ, ರೈಲಿನಲ್ಲಿ ಬರ್ತ್ ಹುಡುಕಿ ಓಡಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಒಂದೂವರೆ ಎಕರೆ ಖುಷ್ಕಿ ಜಮೀನಿಗೆ ಎಷ್ಟು ಮಾತು, ಎಷ್ಟು ಮೌನ, ಎಷ್ಟು ಹಳೆಯ ಲೆಕ್ಕ ಎಂಬುದು ನಿಮಗೆ ಗೊತ್ತು. ಇಂದು ಹೇಳಹೊರಟಿರುವುದು ಅಂಥದೇ ಒಂದು ಪಾಲಿನ ಕಥೆ. ಜಮೀನು ಮಾತ್ರ ಸ್ವಲ್ಪ ದೊಡ್ಡದು: ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್ ಮೂರರಲ್ಲೂ ಹರಡಿದ್ದ ಜಹಗೀರು. ಆ ಪಾಲಿನ ಜಗಳ ಒಬ್ಬ ರಾಜನ ಪಟ್ಟವನ್ನೇ ನುಂಗಿತು. ಇದನ್ನು ಕಾರ್ಯಕ್ರಮದಲ್ಲೇ ಹೇಳಬಹುದಿತ್ತು. ಆದರೆ ಇದರೊಳಗೆ ಇಬ್ಬರು ಗಿಲ್ಬರ್ಟ್‌ಗಳು, ಇಬ್ಬರು ಹ್ಯೂಗಳು ಬರುತ್ತಾರೆ. ಕಿವಿಗಿಂತ ಕಣ್ಣಿಗೇ ಇದು ಸುಲಭ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮನೆತನದ ಹೆಸರು ಕ್ಲೇರ್. 1066ರಲ್ಲಿ ನಾರ್ಮಂಡಿಯ ವಿಲಿಯಂ ಸಮುದ್ರ ದಾಟಿ ಬಂದು ಇಂಗ್ಲೆಂಡನ್ನು ಗೆದ್ದನಲ್ಲ, ಅವನ ಜೊತೆ ಬಂದ ಬಂಧುಗಳಲ್ಲಿ ರಿಚರ್ಡ್ ಎಂಬಾತ ಒಬ್ಬ. ಅವನಿಗೆ ಸಫೋಕ್ ಸೀಮೆಯ ಕ್ಲೇರ್, ಕೆಂಟ್ ಸೀಮೆಯ ಟನ್‌ಬ್ರಿಜ್ ಸಿಕ್ಕವು. ಕ್ಲೇರ್ ಎಂಬ ಊರಿನ ಹೆಸರೇ ಮುಂದೆ ಮನೆತನದ ಹೆಸರಾಯಿತು.

‘ಸಿಕ್ಕವು’ ಅಂದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂದಿನ ಇಂಗ್ಲೆಂಡಿನಲ್ಲಿ ಭೂಮಿಯೆಲ್ಲ ಕಡೆಗೆ ರಾಜನದು. ಉಳಿದವರೆಲ್ಲ ಅದನ್ನು ಅವನಿಂದ ಹಿಡಿದವರು. ಸೈನಿಕರನ್ನು ಒದಗಿಸುವುದು, ಮಂಡಿಯೂರಿ ನಿಷ್ಠೆಯ ಪ್ರಮಾಣ ಮಾಡುವುದು, ತಂದೆಯ ನಂತರ ಮಗ ಖಾತೆ ಬದಲಾಯಿಸಿಕೊಳ್ಳುವಾಗ ಕಾಣಿಕೆ ಕಟ್ಟುವುದು ಎಲ್ಲವೂ ಆ ಹಿಡುವಳಿಯ ಷರತ್ತುಗಳು. ಅರ್ಲ್ ಪದವಿಯವನಿಗೆ ಆ ಕಾಣಿಕೆ 100 ಪೌಂಡ್ ಎಂದು 1215ರ ಮ್ಯಾಗ್ನಾ ಕಾರ್ಟಾ ಗೊತ್ತುಮಾಡಿತು. ವಾರಸುದಾರ ಅಪ್ರಾಪ್ತನಾಗಿದ್ದರೆ ಅವನು ದೊಡ್ಡವನಾಗುವ ತನಕ ಜಮೀನಿನ ಉತ್ಪನ್ನವೂ ರಾಜನಿಗೆ, ಹುಡುಗನ ಮದುವೆ ನಿಶ್ಚಯಿಸುವ ಹಕ್ಕೂ ರಾಜನಿಗೆ. ಆ ಹಕ್ಕನ್ನು ಅವನು ಬೇರೆಯವರಿಗೆ ಮಾರಲೂ ಬಹುದಾಗಿತ್ತು.

ವಾರಸುದಾರಿಕೆಯ ನಿಯಮ ನಮ್ಮ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. ಹಿರಿಯ ಮಗನಿಗೆ ಎಲ್ಲವೂ, ಕಿರಿಯರಿಗೆ ಏನೂ ಇಲ್ಲ. (ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರ ಗಂಡುಮಕ್ಕಳಿಗೆಲ್ಲ ಹುಟ್ಟಿನಿಂದಲೇ ಹಕ್ಕು ಎಂದು ಮಿತಾಕ್ಷರ ಬರೆಯುತ್ತಿದ್ದ ಎಂಬುದನ್ನು ನೆನೆದರೆ ವ್ಯತ್ಯಾಸ ಎದ್ದು ಕಾಣುತ್ತದೆ.) ಆದರೆ ಗಂಡುಮಕ್ಕಳೇ ಇಲ್ಲದಿದ್ದರೆ? ಆಗ ನಿಯಮ ತಲೆಕೆಳಗಾಗುತ್ತಿತ್ತು. ಹೆಣ್ಣುಮಕ್ಕಳಲ್ಲಿ ಹಿರಿಯಳು, ಕಿರಿಯಳು ಎಂಬ ಭೇದವಿಲ್ಲ, ಎಲ್ಲರಿಗೂ ಸಮಪಾಲು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮದುವೆಯಾದವಳ ಪಾಲನ್ನು ಆಳುವವನು ಅವಳ ಗಂಡ. ಅವಳಿಗೆ ಜೀವಂತ ಮಗು ಒಂದು ಹುಟ್ಟಿತೋ, ಆಮೇಲೆ ಅವಳು ಸತ್ತರೂ ಗಂಡ ಬದುಕಿರುವ ತನಕ ಆ ಜಮೀನು ಅವನ ಕೈಯಲ್ಲೇ. ಹೀಗಾಗಿ ಆಸ್ತಿಯುಳ್ಳ ಹೆಣ್ಣನ್ನು ಕದ್ದೊಯ್ದು ಮದುವೆಯಾಗುವುದು ಅಂದಿನ ದೊಡ್ಡ ಮನುಷ್ಯರಲ್ಲಿ ಅಪರೂಪವೇನಲ್ಲ. ಗಂಡ ಸತ್ತವಳಿಗೆ ಅವನ ಜಮೀನಿನಲ್ಲಿ ಮೂರನೇ ಒಂದು ಪಾಲು ಜೀವಮಾನದ ತನಕ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸಲೀಸು.

ಕ್ಲೇರ್ ಮನೆತನ ಕತ್ತಿಗಿಂತ ಹೆಚ್ಚಾಗಿ ಮದುವೆಯಿಂದ ಬೆಳೆಯಿತು. ಒಬ್ಬ ಸೊಸೆ ಅಮಿಸಿಯಾಳ ಮೂಲಕ ಗ್ಲಾಸ್ಟರ್‌ನ ಅರ್ಲ್ ಪದವಿಯೂ ವೇಲ್ಸಿನ ಗ್ಲಾಮೋರ್ಗನ್ ಸೀಮೆಯೂ ಬಂದವು. ಇನ್ನೊಬ್ಬ ಸೊಸೆ ಇಸಬೆಲ್, ಹೆಸರಾಂತ ಯೋಧ ವಿಲಿಯಂ ಮಾರ್ಷಲ್‌ನ ಮಗಳು. ಮಾರ್ಷಲ್‌ಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ವಾರಸಿಲ್ಲದೆ ಸತ್ತರು. 1247ರಲ್ಲಿ ಆಸ್ತಿ ಐದು ಹೋಳಾಯಿತು. ಇಸಬೆಲ್‌ಳ ಪಾಲಾಗಿ ವೇಲ್ಸಿನ ಅಸ್ಕ್, ಐರ್ಲೆಂಡಿನ ಕಿಲ್ಕೆನ್ನಿ ಅವಳ ಮಗನ ಕೈಗೆ ಬಂದವು. ಬೇರೆಯವರ ಮನೆ ಒಡೆದು ಬಂದ ಆಸ್ತಿ ಇದು. ಇದೇ ಮನೆಯೂ ಹಾಗೆಯೇ ಒಡೆಯುವ ದಿನ ದೂರವಿರಲಿಲ್ಲ.

ಇಸಬೆಲ್‌ಳ ಮೊಮ್ಮಗ ಗಿಲ್ಬರ್ಟ್, ಕೆಂಪು ಕೂದಲಿನವನು, ‘ಕೆಂಪು ಗಿಲ್ಬರ್ಟ್’ ಎಂದೇ ಪ್ರಸಿದ್ಧ. 1268ರಲ್ಲಿ ಅವನು ಗ್ಲಾಮೋರ್ಗನ್‌ನಲ್ಲಿ ಕೇರ್‌ಫಿಲಿ ಕೋಟೆ ಕಟ್ಟಿಸಲು ತೊಡಗಿದ. ಸುತ್ತ ಕೆರೆಯಂಥ ನೀರು, ನಡುವೆ ಕೋಟೆ. ಬ್ರಿಟನ್ನಿನ ಅತಿ ದೊಡ್ಡ ಕೋಟೆಗಳಲ್ಲಿ ಒಂದಾದ ಅದನ್ನು, ವಾಲಿ ನಿಂತ ಅದರ ಬುರುಜನ್ನು ಇಂದಿಗೂ ನೋಡಬಹುದು. ಇಷ್ಟು ಬಲಾಢ್ಯನನ್ನು ರಾಜ ಒಂದನೇ ಎಡ್ವರ್ಡ್ ಕತ್ತಿಯಿಂದಲ್ಲ, ಮದುವೆಯಿಂದ ಕಟ್ಟಿಹಾಕಿದ. 1290ರಲ್ಲಿ ತನ್ನ ಮಗಳು ಜೋನ್‌ಳನ್ನು ಅವನಿಗೆ ಕೊಟ್ಟ. ವರನಿಗೆ 46, ವಧುವಿಗೆ 18. ಷರತ್ತು ನೋಡಿ: ಗಿಲ್ಬರ್ಟ್ ತನ್ನ ಜಮೀನನ್ನೆಲ್ಲ ಮೊದಲು ರಾಜನಿಗೆ ಒಪ್ಪಿಸಬೇಕು. ರಾಜ ಅದನ್ನು ಗಂಡಹೆಂಡಿರ ಜಂಟಿ ಹೆಸರಿಗೆ ತಿರುಗಿ ಕೊಡುತ್ತಾನೆ. ಮುಂದೆ ಅದು ಇವರಿಬ್ಬರಿಗೆ ಹುಟ್ಟಿದ ಮಕ್ಕಳಿಗೆ ಮಾತ್ರ. ಇವರಿಗೆ ಮಕ್ಕಳಾಗದಿದ್ದರೆ ಜೋನ್ ಇನ್ನೊಬ್ಬನನ್ನು ಮದುವೆಯಾಗಿ ಹೆತ್ತ ಮಕ್ಕಳಿಗೆ! ಗಿಲ್ಬರ್ಟ್‌ಗೆ ಮೊದಲ ಹೆಂಡತಿಯಿಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಒಂದೇ ದಸ್ತಾವೇಜಿನಿಂದ ಅವರು ಹೊರಗಾದರು. ಆ ಇಬ್ಬರ ಬಗ್ಗೆ ಚರಿತ್ರೆಯ ಪುಸ್ತಕಗಳು ಬಹಳ ಮಾತಾಡುವುದಿಲ್ಲ. ನನಗೆ ಮಾತ್ರ ಅಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ.

ಈ ಮದುವೆಯಿಂದ ಜೋನ್‌ಳಿಗೆ ನಾಲ್ವರು ಮಕ್ಕಳು. ಹಿರಿಯವನು 1291ರಲ್ಲಿ ಹುಟ್ಟಿದ ಮಗ, ಅವನ ಹೆಸರೂ ಗಿಲ್ಬರ್ಟ್. ಅಜ್ಜ, ಮುತ್ತಜ್ಜನ ಹೆಸರಿಡುವ ರೂಢಿ ನಮಗೇನು ಹೊಸದಲ್ಲ. ಅವನ ಹಿಂದೆ ಎಲೆನರ್, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ತಂಗಿಯರು. 1295ರ ಡಿಸೆಂಬರಿನಲ್ಲಿ ತಂದೆ ಸತ್ತಾಗ ಎಲಿಜಬೆತ್ ಮೂರು ತಿಂಗಳು ತುಂಬದ ಕೂಸು. ಅಣ್ಣನಿರುವ ತನಕ ಈ ಹುಡುಗಿಯರಿಗೆ ಆಸ್ತಿಯಲ್ಲಿ ಲೆಕ್ಕವೇ ಇಲ್ಲ. ಎಲ್ಲರ ಮದುವೆಯೂ ಬೇಗ ಆಯಿತು. ಎಲೆನರ್‌ಳನ್ನು 1306ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಹ್ಯೂ ಡೆಸ್ಪೆನ್ಸರ್‌ಗೆ ಕೊಟ್ಟರು. ಆಗ ಅವನ ಹೆಸರಿನಲ್ಲಿ ಹೇಳಿಕೊಳ್ಳುವಂಥ ಜಮೀನು ಇರಲಿಲ್ಲ. ಮಾರ್ಗರೆಟ್‌ಳನ್ನು 1307ರಲ್ಲಿ ಪಿಯರ್ಸ್ ಗ್ಯಾವೆಸ್ಟನ್‌ಗೆ ಕೊಟ್ಟರು. ಅವನು ಹೊಸ ರಾಜ ಎರಡನೇ ಎಡ್ವರ್ಡ್‌ನ ಪರಮಾಪ್ತ. ಈ ಎರಡನೇ ಎಡ್ವರ್ಡ್ ಜೋನ್‌ಳ ತಮ್ಮ, ಅಂದರೆ ಈ ಹುಡುಗಿಯರಿಗೆ ಸ್ವಂತ ಸೋದರಮಾವ ಎಂಬುದನ್ನು ಮರೆಯಬೇಡಿ. 1308ರಲ್ಲಿ ಕೊಟ್ಟು ತರುವ ಸಂಬಂಧ ನಡೆಯಿತು: ಅಣ್ಣ ಗಿಲ್ಬರ್ಟ್‌ಗೆ ಐರ್ಲೆಂಡಿನ ಅಲ್ಸ್ಟರ್ ಅರ್ಲ್‌ನ ಮಗಳು ಮಾಡ್‌ಳನ್ನು ತಂದರು, ಮಾಡ್‌ಳ ಸೋದರ ಜಾನ್‌ಗೆ ಎಲಿಜಬೆತ್‌ಳನ್ನು ಕೊಟ್ಟರು.

1314ರ ಜೂನ್ 24. ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ರಣರಂಗ. ಸ್ಕಾಟ್ ಭರ್ಜಿಗಳ ಸಾಲಿನ ಮೇಲೆ ನುಗ್ಗಿದ ಗಿಲ್ಬರ್ಟ್ ಅಲ್ಲೇ ಹತನಾದ. 23 ವರ್ಷ ವಯಸ್ಸು. ಬದುಕಿರುವ ಮಗು ಇರಲಿಲ್ಲ.

ಅವನು ಬಿಟ್ಟುಹೋದ ಆಸ್ತಿಯ ಹುಟ್ಟುವಳಿ ವರ್ಷಕ್ಕೆ ಸುಮಾರು 6000 ಪೌಂಡ್. ಎಷ್ಟು ಅಂದರೇನು? ವರ್ಷಕ್ಕೆ 40 ಪೌಂಡ್ ಆದಾಯದ ಜಮೀನಿದ್ದವನು ನೈಟ್ ಪದವಿ ಹೊರಲೇಬೇಕು ಎಂಬುದು ಆಗಿನ ಅಳತೆ. ಆ ಲೆಕ್ಕದಲ್ಲಿ ಇದು 150 ನೈಟ್‌ಗಳ ಜೀವನ. ದೊಡ್ಡ ಹಿಡುವಳಿದಾರ ಸತ್ತ ಕೂಡಲೇ ಎಸ್ಚೀಟರ್ ಎಂಬ ಅಧಿಕಾರಿ ಊರೂರಿಗೆ ಹೋಗಿ, ಸ್ಥಳೀಯರನ್ನು ಕೂರಿಸಿ ಪ್ರಮಾಣ ಮಾಡಿಸಿ ಮಹಜರು ನಡೆಸುತ್ತಿದ್ದ. ಎಷ್ಟು ಉಳುಮೆ ಭೂಮಿ, ಎಷ್ಟು ಹುಲ್ಲುಗಾವಲು, ಗಿರಣಿಯ ವರಮಾನ ಎಷ್ಟು, ಯಾರಿಂದ ಹಿಡಿದದ್ದು, ಮುಂದಿನ ವಾರಸುದಾರ ಯಾರು, ವಯಸ್ಸೆಷ್ಟು? ಎಲ್ಲವೂ ಚರ್ಮದ ಹಾಳೆಯ ಮೇಲೆ ದಾಖಲಾಗುತ್ತಿತ್ತು. ನಮ್ಮ ಶಾನುಭೋಗರು ನೋಡಿದ್ದರೆ ಮೆಚ್ಚುತ್ತಿದ್ದರು. ಆ ಹಾಳೆಗಳು ಉಳಿದಿರುವುದರಿಂದಲೇ ಇಷ್ಟೆಲ್ಲ ಕಥೆ ಇಂದು ನಮಗೆ ಗೊತ್ತಿರುವುದು.

ಅಣ್ಣನಿಲ್ಲ, ಅಂದಮೇಲೆ ಮೂವರು ತಂಗಿಯರಿಗೆ ಮೂರು ಪಾಲು. ಆದರೆ ಅತ್ತಿಗೆ ಮಾಡ್ ‘ನಾನು ಗರ್ಭಿಣಿ’ ಎಂದಳು. ಮಗು ಹುಟ್ಟಿದರೆ, ಗಂಡಾಗಲಿ ಹೆಣ್ಣಾಗಲಿ, ಎಲ್ಲ ಆಸ್ತಿಯೂ ಅದಕ್ಕೇ. ಎಲ್ಲರೂ ಕಾದರು. ಒಂಬತ್ತು ತಿಂಗಳು ಕಳೆಯಿತು. ವರ್ಷ ಕಳೆಯಿತು. ಎರಡನೇ ವರ್ಷವೂ ಬಂತು. ಡೆಸ್ಪೆನ್ಸರ್ ರಾಜನ ನ್ಯಾಯಾಧೀಶರ ಮುಂದೆ ಹೋಗಿ ‘ನನ್ನ ಹೆಂಡತಿಯ ಪಾಲು ಕೊಡಿ’ ಎಂದ. ಬಂದ ಉತ್ತರ ಹೀಗಿತ್ತು: ಕೂಸು ಹೊಟ್ಟೆಯಲ್ಲಿ ಆಡಿದ್ದು ಕೌಂಟೆಸ್‌ಗೆ ಗೊತ್ತಾಗಿದೆ, ಅದು ಎಲ್ಲರಿಗೂ ತಿಳಿದ ವಿಷಯ. ನಿನಗೆ ಸಂಶಯವಿದ್ದರೆ ತಿಳಿದ ಹೆಂಗಸರಿಂದ ಆಕೆಯ ಹೊಟ್ಟೆ ಪರೀಕ್ಷೆ ಮಾಡಿಸಬೇಕೆಂದು ಆಗಲೇ ಕಾನೂನಿನಂತೆ ಆಜ್ಞೆ ತರಬಹುದಿತ್ತು, ತರಲಿಲ್ಲವೇಕೆ?

ಓದುವಾಗ ನಗು ಬರುತ್ತದೆ. ಆದರೆ ಈ ವಿಳಂಬದಿಂದ ಲಾಭ ಯಾರಿಗೆ ಎಂದು ಕೇಳಿಕೊಂಡರೆ ನಗು ನಿಲ್ಲುತ್ತದೆ. ವಾರಸು ತೀರ್ಮಾನವಾಗದ ತನಕ ಆಸ್ತಿ ರಾಜನ ವಶ, ಉತ್ಪನ್ನವೂ ಅವನದೇ. ಮಾಡ್ ನಿಜವಾಗಿ ನಂಬಿದ್ದಳೋ, ಯಾರೋ ಹೇಳಿಕೊಟ್ಟದ್ದೋ, ಯಾರು ಬಲ್ಲರು? ಇಪ್ಪತ್ತರ ಆಸುಪಾಸಿನ ವಿಧವೆ, ಸುತ್ತ ನಿಂತ ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲೆ.

ಈ ಕಾಯುವಿಕೆಯ ಬೆಲೆ ತೆತ್ತವರು ಬೇರೆ. 1315ರಿಂದ ಮಳೆ ಹಿಡಿದು ಬೆಳೆ ಕೊಳೆತು ಇಡೀ ಉತ್ತರ ಯುರೋಪಿನಲ್ಲಿ ಕ್ಷಾಮ. ಅಂಥ ವರ್ಷಗಳಲ್ಲಿ ಗ್ಲಾಮೋರ್ಗನ್ ರಾಜನ ಪಾರುಪತ್ಯಗಾರರ ಕೈಯಲ್ಲಿತ್ತು. ಅವರ ಬಿಗಿ ಆಡಳಿತ ತಾಳಲಾರದೆ ಲ್ಯುವೆಲಿನ್ ಬ್ರೆನ್ ಎಂಬ ವೇಲ್ಸ್ ನಾಯಕ 1316ರ ಜನವರಿಯಲ್ಲಿ ದಂಗೆಯೆದ್ದು ಕೇರ್‌ಫಿಲಿಗೆ ಮುತ್ತಿಗೆ ಹಾಕಿದ. ಸೋಲು ಖಚಿತವಾದಾಗ ತನ್ನ ಜನರನ್ನು ಉಳಿಸಲೆಂದು ತಾನೇ ಶರಣಾದ. ಲಂಡನ್ನಿನ ಟವರ್ ಸೆರೆಮನೆಗೆ ಹೋದ. ಅವನ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಅದೇ 1316ರ ಫೆಬ್ರವರಿಯಲ್ಲಿ ಎಲಿಜಬೆತ್. ಅವಳ ಗಂಡ ಜಾನ್ 1313ರಲ್ಲೇ ತೀರಿಕೊಂಡಿದ್ದ. ಐರ್ಲೆಂಡಿನಿಂದ ಪಾಲಿಗಾಗಿ ಬಂದ ಈ ಇಪ್ಪತ್ತರ ವಿಧವೆಯನ್ನು ಥಿಯೋಬಾಲ್ಡ್ ಡಿ ವರ್ಡನ್ ಎಂಬ ಜಹಗೀರುದಾರ ಬ್ರಿಸ್ಟಲ್ ಕೋಟೆಯಿಂದ ಕರೆದೊಯ್ದು ಮದುವೆಯಾದ. ರಾಜನ ಅಪ್ಪಣೆಯಿಲ್ಲ. ‘ಅವಳೇ ಬಂದಳು’ ಎಂದು ಅವನ ವಾದ. ಆರು ತಿಂಗಳೊಳಗೆ ಅವನೂ ಸತ್ತ. ಇತ್ತ ಗ್ಯಾವೆಸ್ಟನ್‌ನನ್ನು ಪಾಳೆಯಗಾರರು 1312ರಲ್ಲೇ ಕೊಂದಿದ್ದರಿಂದ ಮಾರ್ಗರೆಟ್ ಕೂಡ ವಿಧವೆ. ಸೋದರಮಾವನಿಗೆ ಇದು ಒಳ್ಳೆಯ ಅವಕಾಶವಾಯಿತು. 1317ರಲ್ಲಿ ಮಾರ್ಗರೆಟ್‌ಳನ್ನು ಹ್ಯೂ ಆಡ್ಲಿಗೆ, ಎಲಿಜಬೆತ್‌ಳನ್ನು ರೋಜರ್ ಡ್ಯಾಮರಿಗೆ ಕೊಟ್ಟು ಮದುವೆ ಮಾಡಿಸಿದ. ಇಬ್ಬರೂ ಆಸ್ಥಾನದಲ್ಲಿ ಅವನ ಆಪ್ತರು. ವಿಧವೆಯನ್ನು ಬಲವಂತವಾಗಿ ಮದುವೆ ಮಾಡಿಸಕೂಡದು ಎಂದು ಮ್ಯಾಗ್ನಾ ಕಾರ್ಟಾ ಹೇಳಿತ್ತು. ಹೇಳಿತ್ತು, ಅಷ್ಟೇ. ಈಗ ಮೂವರು ಷಡ್ಡಕರೂ ತನ್ನವರೇ ಆದಮೇಲೆ ರಾಜನಿಗೆ ಅತ್ತಿಗೆಯ ಗರ್ಭದ ಮೇಲಿನ ನಂಬಿಕೆ ಹೋಯಿತು. 1317ರ ನವೆಂಬರಿನಲ್ಲಿ ಪಾಲಾಯಿತು.

ಕಾಗದದ ಮೇಲೆ ಪಾಲು ಸಮವಾಗಿಯೇ ಇತ್ತು. ಡೆಸ್ಪೆನ್ಸರ್‌ಗೆ ಕಾರ್ಡಿಫ್, ಕೇರ್‌ಫಿಲಿ ಸಹಿತ ಗ್ಲಾಮೋರ್ಗನ್. ಆಡ್ಲಿಗೆ ಪಕ್ಕದ ನ್ಯೂಪೋರ್ಟ್ ಸೀಮೆ ಮತ್ತು ಕೆಂಟಿನ ಟನ್‌ಬ್ರಿಜ್. ಡ್ಯಾಮರಿಗೆ ಅಸ್ಕ್. ಮೂಲ ಊರಾದ ಕ್ಲೇರ್ ಕೂಡ ಎಲಿಜಬೆತ್‌ಳ ಪಾಲಿಗೇ ಬಂತು. ಮಾಡ್‌ಳ ಮೂರನೇ ಒಂದು ಪಾಲು ಅವಳ ನಂತರ ಮತ್ತೆ ಮೂವರಿಗೂ ಹಂಚಬೇಕು. ಆದರೆ ನಕ್ಷೆ ನೋಡಿ: ವೇಲ್ಸಿನ ದಕ್ಷಿಣ ತೀರದಲ್ಲಿ ಮೂವರು ಷಡ್ಡಕರ ಹೊಲಕ್ಕೆ ಒಂದೇ ಬದು. ಅಲ್ಲಿನ ಗಡಿನಾಡ ದೊರೆಗೆ ತನ್ನ ಸೀಮೆಯಲ್ಲಿ ರಾಜನಷ್ಟೇ ಅಧಿಕಾರ, ನ್ಯಾಯವೂ ಅವನದೇ. ಡೆಸ್ಪೆನ್ಸರ್‌ಗೆ ಒಂದು ಪಾಲು ಸಾಲಲಿಲ್ಲ.

ಮೊದಲು ಆಡ್ಲಿಯ ನ್ಯೂಪೋರ್ಟ್‌ಗೆ ಕೈಹಾಕಿದ. ಕಡಿಮೆ ಬಾಳುವ ಜಮೀನು ಕೊಟ್ಟು ಅದನ್ನು ಬದಲಿಗೆ ಬರೆಸಿಕೊಂಡ. 1318ರಲ್ಲಿ ಸೆರೆಯಲ್ಲಿದ್ದ ಲ್ಯುವೆಲಿನ್ ಬ್ರೆನ್‌ನನ್ನು ಕಾರ್ಡಿಫ್‌ಗೆ ತರಿಸಿ, ಯಾವ ಅಧಿಕಾರವೂ ಇಲ್ಲದೆ, ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಆಮೇಲೆ ಪಶ್ಚಿಮದ ಗವರ್ ಸೀಮೆಯ ಮೇಲೆ ಕಣ್ಣು ಬಿತ್ತು. ರಾಜನ ಮೇಲೆ ಅವನ ಹಿಡಿತ ಬಿಗಿಯಾದಷ್ಟೂ ನೆರೆಯವರ ಎದೆ ಹೊಡೆದುಕೊಂಡಿತು. 1321ರ ಮೇ ತಿಂಗಳಲ್ಲಿ ಆಡ್ಲಿ, ಡ್ಯಾಮರಿ ಮತ್ತು ಗಡಿನಾಡ ದೊರೆಗಳೆಲ್ಲ ಸೇರಿ ಗ್ಲಾಮೋರ್ಗನ್‌ಗೆ ನುಗ್ಗಿ ಸುಟ್ಟು ಸೂರೆಮಾಡಿದರು. ಆಗಸ್ಟಿನಲ್ಲಿ ಪಾರ್ಲಿಮೆಂಟು ಡೆಸ್ಪೆನ್ಸರ್‌ನನ್ನೂ ಅವನ ತಂದೆಯನ್ನೂ ಗಡೀಪಾರು ಮಾಡಿತು. ರಾಜ ಸುಮ್ಮನಿರಲಿಲ್ಲ. 1322ರ ಮಾರ್ಚಿನಲ್ಲಿ ಬರೋಬ್ರಿಜ್‌ನಲ್ಲಿ ವಿರೋಧಿಗಳನ್ನು ಮುರಿದ. ಡ್ಯಾಮರಿ ಅದೇ ಹೋರಾಟದಲ್ಲಿ ಸತ್ತ. ಆಡ್ಲಿ ಸೆರೆಯಾದ, ಹೆಂಡತಿಯ ಮೊರೆಯಿಂದ ತಲೆ ಉಳಿಯಿತು.

ಈಗ ಅಕ್ಕತಂಗಿಯರ ಗತಿ ನೋಡಿ. ಎಲೆನರ್ ರಾಣಿಯಂಥ ವೈಭವದಲ್ಲಿ. ಮಾರ್ಗರೆಟ್ ಸೆಂಪ್ರಿಂಗಮ್ ಎಂಬ ಸನ್ಯಾಸಿನಿಯರ ಮಠದಲ್ಲಿ ಬಂದಿ. ಎಲಿಜಬೆತ್‌ಳನ್ನು ಅಸ್ಕ್ ಕೋಟೆಯಲ್ಲಿ ಹಿಡಿದು, ಮಕ್ಕಳ ಸಮೇತ ಬಾರ್ಕಿಂಗ್ ಮಠದಲ್ಲಿ ಇಟ್ಟರು. 26ನೇ ವಯಸ್ಸಿಗೆ ಮೂರನೇ ಸಲ ವಿಧವೆ. ಗಂಡ ದ್ರೋಹಿಯಾದರೂ ಜಮೀನು ಅವಳ ತವರಿನದು, ಕಾನೂನಿನ ಪ್ರಕಾರ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಸಹಿ ಬೇಕಾಗಿತ್ತು. ಅಸ್ಕ್ ಬಿಟ್ಟುಕೊಟ್ಟು ಬದಲಿಗೆ ಕಡಿಮೆ ಬೆಲೆಯ ಗವರ್ ತೆಗೆದುಕೊಳ್ಳುವಂತೆ ಬೆದರಿಸಿ ಒಪ್ಪಿಸಿದರು. ಕೊಂಚ ಕಾಲದಲ್ಲೇ, ಹಳೆಯ ಒಡೆಯನಿಂದ ದಾವೆ ಹಾಕಿಸಿ ಆ ಗವರನ್ನೂ ಅವಳ ಕೈಯಿಂದ ಬಿಡಿಸಿದರು.

1326ರ ಮೇ ತಿಂಗಳಲ್ಲಿ ಎಲಿಜಬೆತ್ ಒಂದು ಕೆಲಸ ಮಾಡಿದಳು. ತನ್ನ ಸಹಿಯೆಲ್ಲ ಬಲವಂತದ್ದು, ಹೆದರಿಕೆಯಿಂದ ಹಾಕಿದ್ದು, ತಾನು ಮನಸಾರೆ ಏನನ್ನೂ ಬಿಟ್ಟುಕೊಟ್ಟಿಲ್ಲ ಎಂದು ಘಟನೆ ಘಟನೆಯಾಗಿ ಬರೆಸಿ, ಗುಟ್ಟಾಗಿ ಒಂದು ಪ್ರತಿಭಟನೆಯ ಪತ್ರ ಮಾಡಿಸಿ ಇಟ್ಟುಕೊಂಡಳು. ಡೆಸ್ಪೆನ್ಸರ್ ಆಗ ರಾಜ್ಯದ ಅತಿ ಬಲಿಷ್ಠ ಮನುಷ್ಯ. ಆ ಕಾಗದ ಅವನ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ! ಆದರೆ ನಾಲ್ಕೇ ತಿಂಗಳಲ್ಲಿ ರಾಣಿ ಇಸಬೆಲ್ಲಾ ಸೈನ್ಯದೊಂದಿಗೆ ಬಂದಿಳಿದಳು. ನವೆಂಬರ್ 24ರಂದು ಹೆರೆಫರ್ಡ್‌ನಲ್ಲಿ ಡೆಸ್ಪೆನ್ಸರ್‌ನ ವಧೆಯಾಯಿತು. ಆರೋಪಪಟ್ಟಿಯಲ್ಲಿ ಲ್ಯುವೆಲಿನ್ ಬ್ರೆನ್‌ನ ಕೊಲೆಯೂ ಇತ್ತು. 1327ರ ಜನವರಿಯಲ್ಲಿ ಎರಡನೇ ಎಡ್ವರ್ಡ್ ಪಟ್ಟ ಕಳೆದುಕೊಂಡ. ಅಸ್ಕ್ ಎಲಿಜಬೆತ್‌ಳ ಕೈಗೆ ಮರಳಿತು.

ಆಮೇಲೆ ಅವಳು ಮದುವೆಯಾಗಲಿಲ್ಲ. ಮೂರನೇ ಗಂಡ ಸತ್ತ ಮೇಲೆ 38 ವರ್ಷ ಒಂಟಿಯಾಗಿ, ‘ಕ್ಲೇರ್‌ನ ಒಡತಿ’ ಎಂದೇ ಕರೆಸಿಕೊಂಡು ಆಸ್ತಿ ಆಳಿದಳು. ಅವಳ ಮನೆವಾರ್ತೆಯ ಲೆಕ್ಕದ ಸುರುಳಿಗಳು ಇಂದಿಗೂ ಉಳಿದಿವೆ. ರೊಟ್ಟಿಗೆ ಎಷ್ಟು, ಮೀನಿಗೆ ಎಷ್ಟು, ಕುದುರೆಗಳ ಮೇವಿಗೆ ಎಷ್ಟು ಎಂದು ದಿನದಿನದ ಖರ್ಚು. ಕೇಂಬ್ರಿಜ್‌ನಲ್ಲಿ ಸೊರಗಿದ್ದ ಒಂದು ವಿದ್ಯಾರ್ಥಿ ನಿಲಯಕ್ಕೆ 1338ರಲ್ಲಿ ಹೊಸದಾಗಿ ದತ್ತಿ ಕೊಟ್ಟು ಕ್ಲೇರ್ ಹಾಲ್ ಎಂದು ಹೆಸರಿಟ್ಟಳು. ಅದೇ ಇಂದಿನ ಕ್ಲೇರ್ ಕಾಲೇಜು. ಅದರ ಲಾಂಛನದ ಕಪ್ಪು ಅಂಚಿನ ಮೇಲೆ ಚಿನ್ನದ ಹನಿಗಳಿವೆ. ತೀರಿಹೋದ ಮೂವರು ಗಂಡಂದಿರಿಗಾಗಿ ಕಣ್ಣೀರು ಎನ್ನುತ್ತಾರೆ. 1360ರಲ್ಲಿ, 65ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಮೊಮ್ಮಗಳು ರಾಜಕುಮಾರ ಲಯೊನೆಲ್‌ನನ್ನು ಮದುವೆಯಾದಳು. ಅವನ ಕ್ಲಾರೆನ್ಸ್ ಎಂಬ ಬಿರುದು ಹುಟ್ಟಿದ್ದು ಕ್ಲೇರ್ ಎಂಬ ಊರಿನಿಂದಲೇ. ಮುಂದೆ 1461ರಲ್ಲಿ ಆ ವಂಶದ ನಾಲ್ಕನೇ ಎಡ್ವರ್ಡ್ ಪಟ್ಟವೇರಿದಾಗ ಎಲಿಜಬೆತ್‌ಳ ಪಾಲು ರಾಜನ ಬೊಕ್ಕಸ ಸೇರಿತು. ಮಾರ್ಗರೆಟ್‌ಳ ಪಾಲು ಬದುಕುಳಿದ ಅವಳ ಒಬ್ಬಳೇ ಮಗಳ ಹಿಂದೆ ಹೋಯಿತು. ಆ ಹುಡುಗಿಯನ್ನು 1336ರಲ್ಲಿ ರಾಲ್ಫ್ ಸ್ಟಾಫರ್ಡ್ ಕದ್ದೊಯ್ದು ಮದುವೆಯಾದ. ತಂದೆ ಆಡ್ಲಿಗೆ ಮರುವರ್ಷ ಗ್ಲಾಸ್ಟರ್‌ನ ಅರ್ಲ್ ಪದವಿ ಕೊಟ್ಟು ರಾಜ ಸಮಾಧಾನ ಮಾಡಿದ.

ಇನ್ನು ಎಲೆನರ್. ಗಂಡ ಸತ್ತ ಮೇಲೆ ಟವರ್‌ನಲ್ಲಿ ಸೆರೆ. 1327ರ ಹೊಸ ವರ್ಷದ ದಿನವೇ ಅವಳ ಮೂವರು ಹೆಣ್ಣುಮಕ್ಕಳಿಗೆ ಸನ್ಯಾಸ ಕೊಡಬೇಕೆಂದು ಆಜ್ಞೆ ಹೊರಟಿತು. ಸನ್ಯಾಸಿನಿಗೆ ವಾರಸು ಹಕ್ಕಿಲ್ಲ, ಕಾನೂನಿನ ದೃಷ್ಟಿಯಲ್ಲಿ ಆಕೆ ಸತ್ತಂತೆ. ಆ ಮಕ್ಕಳಲ್ಲಿ ಒಂದು ಇನ್ನೂ ಕೂಸುತನ ಬಿಡದ್ದು. ಎಲೆನರ್ ಬಿಡುಗಡೆಯಾದಳು, ಮತ್ತೆ ಸಿಕ್ಕಿಬಿದ್ದಳು. ಗ್ಲಾಮೋರ್ಗನ್ ವಾಪಸು ಬೇಕಾದರೆ 50,000 ಪೌಂಡ್ ಎಂದು ಕಟ್ಟುಪಾಡು ಹಾಕಿದರು. 1330ರ ನಂತರ ಮೂರನೇ ಎಡ್ವರ್ಡ್ ಆ ಹೊರೆ ಇಳಿಸಿ ಜಮೀನು ಬಿಟ್ಟುಕೊಟ್ಟ. ಅವಳ ಪಾಲು ಮಗನಿಗೆ, ಅವನಿಂದ ತಮ್ಮನ ಮಕ್ಕಳಿಗೆ, ಹೀಗೆ ಇಳಿಯುತ್ತ ಮತ್ತೆ ಹೆಣ್ಣಿನ ಕೈಗೆ ಬಂತು: ಆನ್ ಬೋಶಾಂಪ್, ವಾರಿಕ್‌ನ ಕೌಂಟೆಸ್.

ಆನ್‌ಳ ಗಂಡ ರಿಚರ್ಡ್ ನೆವಿಲ್, ರಾಜರನ್ನು ಏರಿಸಿ ಇಳಿಸುವವನೆಂದು ಹೆಸರಾದವನು. 1471ರಲ್ಲಿ ಅವನು ಯುದ್ಧದಲ್ಲಿ ಸತ್ತಾಗ ಆನ್ ಒಂದು ಮಠದಲ್ಲಿ ಆಶ್ರಯ ಪಡೆದಳು. ಅವಳಿಗೆ ಇಬ್ಬರೇ ಹೆಣ್ಣುಮಕ್ಕಳು. ಅಳಿಯಂದಿರಿಬ್ಬರೂ ರಾಜನ ತಮ್ಮಂದಿರು, ಮತ್ತೆ ಷಡ್ಡಕರು. ಅವರಿಗೆ ಕೂಡಲೇ ಪಾಲು ಬೇಕಾಗಿತ್ತು. ಅತ್ತೆ ಮಾತ್ರ ಇನ್ನೂ ಬದುಕಿದ್ದಳು. ಬರೆದುಕೊಡಲು ಗುಮಾಸ್ತರಿಲ್ಲದೆ ಆಕೆ ತನ್ನ ಕೈಯಾರೆ ರಾಣಿಗೂ ರಾಜಮನೆತನದ ಹೆಂಗಸರಿಗೂ ಪತ್ರ ಬರೆದು ಮೊರೆಯಿಟ್ಟಳು. 1474ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು: ಕೌಂಟೆಸ್ ಸಹಜವಾಗಿ ಸತ್ತಿದ್ದರೆ ಹೇಗೋ ಹಾಗೆಯೇ ಆಸ್ತಿ ಹೆಣ್ಣುಮಕ್ಕಳಿಗೆ ಇಳಿಯತಕ್ಕದ್ದು.

ಸತ್ತವಳೆಂದು ಬರೆಸಿಕೊಂಡ ಆನ್ ಇಬ್ಬರು ಹೆಣ್ಣುಮಕ್ಕಳಿಗಿಂತ, ಇಬ್ಬರು ಅಳಿಯಂದಿರಿಗಿಂತ ಹೆಚ್ಚು ಬಾಳಿದಳು. 1487ರಲ್ಲಿ ಏಳನೇ ಹೆನ್ರಿ ಇನ್ನೊಂದು ಕಾಯಿದೆ ಮಾಡಿ ಆಸ್ತಿಯನ್ನೆಲ್ಲ ಅವಳಿಗೆ ಹಿಂತಿರುಗಿಸಿದ. ಕೆಲವೇ ವಾರಗಳಲ್ಲಿ ಆಕೆ ಅದರ ಬಹುಪಾಲನ್ನು ರಾಜನಿಗೂ ಅವನ ಗಂಡುಸಂತಾನಕ್ಕೂ ಬರೆದುಕೊಟ್ಟಳು. ಅವಳ ಹೆಸರಿಗೆ ಹಕ್ಕು ಮರಳಿಸಿದ್ದೇ ಆ ಸಹಿಗಾಗಿ.